ಎಡಗಡೆಯ ಬ್ರೇಕು

ಡೊಂಬಿವಲಿ ಪೂರ್ವದಲ್ಲಿ ಕಾರು ಓಡಿಸುವ ಹೆಂಗಸರನ್ನು ನಿಲ್ಲಿಸಿ, ಕಲಿಸಿದವರು ಯಾರೆಂದು ಕೇಳಿದರೆ ಹತ್ತರಲ್ಲಿ ಮೂವರಾದರೂ ‘ಶೆಟ್ಟಿ ಸರ್’ ಎನ್ನುತ್ತಾರೆ. ಅವನು ಶೆಟ್ಟಿಯಲ್ಲ, ಕಾರ್ಕಳ ಕಡೆಯ ಲೋಕನಾಥ ಪೂಜಾರಿ. ಆದರೆ ಕರಾವಳಿಯಿಂದ ಬಂದವರೆಲ್ಲ ಶೆಟ್ಟಿಗಳೇ ಎಂದು ಮುಂಬಯಿ ಸೀಮೆಯ ಜನ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ಅವನೂ ಸುಮ್ಮನಾಗಿದ್ದ.

ಅವನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಕಲ್ಯಾಣದ ಹೋಟೆಲೊಂದಕ್ಕೆ ತರಕಾರಿ ಟೆಂಪೊ ಓಡಿಸುತ್ತಿದ್ದವನು, ಮದುವೆಯಾದ ಮೇಲೆ ಹೆಂಡತಿಯ ಒತ್ತಾಯಕ್ಕೆ ಸ್ವಂತ ಕಸುಬು ಹಿಡಿದ. ಹತ್ತೊಂಬತ್ತು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಕಿಲೋಮೀಟರು ಓಡಾಡಿದ್ದಾನೆ, ಆದರೆ ಓಡಾಡಿದ್ದೆಲ್ಲ ಮಾನ್ಪಾಡಾ ರಸ್ತೆ, ಘರ್ಡಾ ಸರ್ಕಲ್, ಎಂಐಡಿಸಿ ಫ್ಯಾಕ್ಟರಿಗಳ ನಡುವಿನ ಖಾಲಿ ಒಳರಸ್ತೆಗಳಲ್ಲಿ. ಹೆಚ್ಚೆಂದರೆ ಲೈಸೆನ್ಸ್ ಪರೀಕ್ಷೆಯ ದಿನ ಕಲ್ಯಾಣದ ಆರ್‌ಟಿಓವರೆಗೆ. ಅದೂ ಎಡಗಡೆಯ ಸೀಟಿನಲ್ಲಿ ಕೂತು. ಇಂಥ ಕಾರುಗಳಲ್ಲಿ ಎಡಗಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಗಾಬರಿ ಬಿದ್ದರೆ ಕಲಿಸುವವನು ಒತ್ತಬೇಕು. ಇವನು ಮತ್ತೊಬ್ಬರು ಗಾಬರಿ ಬೀಳುವವರೆಗೆ ಕಾಯುವವನಲ್ಲ. ನೂರು ಮಾರು ದೂರದಲ್ಲಿ ಹಾಲಿನ ಸೈಕಲ್ ಕಂಡರೆ ಸಾಕು, ಇವನ ಬಲಗಾಲು ಒತ್ತಿಯಾಗಿರುತ್ತಿತ್ತು. ಹಾಗಾಗಿ ಅವನ ವಿದ್ಯಾರ್ಥಿನಿಯರಲ್ಲಿ ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಅವನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಕಾಲಿಗೆ ಆ ಚಾಳಿ ಎಷ್ಟು ಅಂಟಿತ್ತೆಂದರೆ ಆಟೋದಲ್ಲಿ ಕೂತರೂ ಒತ್ತುತ್ತಿತ್ತು, ಟಿವಿಯಲ್ಲಿ ಕಾರು ಓಡಿದರೂ ಒತ್ತುತ್ತಿತ್ತು. ಹೆಂಡತಿ ಸುಂದರಿ ಕುಂದಾಪುರ ಕಡೆಯವಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳು ಮಿಶಿನ್ನಿನ ಮೇಲಿಂದ ತಲೆಯೆತ್ತಿ ನಗುತ್ತಿದ್ದಳು. “ನಾ ಒತ್ತಿರೆ ಒಂದ್ ರವ್ಕಿ ಆದ್ರೂ ಆತ್ತ್. ನೀವ್ ಒತ್ತಿರೆ ಎಲ್ಲವೂ ನಿಂತೇ ಹೋತ್ತಲೆ!”

ಅವರಿಗೆ ಒಬ್ಬಳೇ ಮಗಳು, ಪ್ರಣೀತಾ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಾಗೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಹಿಂದಿಯೂ ಕನ್ನಡವೂ ಕಲಸಿಕೊಂಡೇ ಬರುತ್ತಿದ್ದವು. ಹೈಸ್ಕೂಲಿಗೆ ಬಂದಾಗಿನಿಂದ ಅವಳಿಗೆ ಒಂದು ಹುಚ್ಚು ಹತ್ತಿತ್ತು. ಫಡ್ಕೆ ರಸ್ತೆಯ ಬಳಿಯ ಬಾಡಿಗೆ ಲೈಬ್ರರಿಯಿಂದ ಇಂಗ್ಲಿಷ್ ಕಾದಂಬರಿ ತರುವುದು, ಅದರಲ್ಲೂ ಒಂದೇ ಜಾತಿಯದು. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ಒಂದು ಹಳೇ ಕಾರು ಹತ್ತಿ ಮನೆ ಬಿಟ್ಟು ಹೊರಡುತ್ತಾರೆ, ನೂರಾರು ಮೈಲಿ ಹೋಗುತ್ತಾರೆ, ನಡುವೆ ಜಗಳ, ಅಳು, ಪ್ರೀತಿ. ಮುಟ್ಟುವ ಹೊತ್ತಿಗೆ ಹೊರಟವರು ಅವರಾಗಿ ಉಳಿದಿರುವುದಿಲ್ಲ. ರೋಡ್ ಟ್ರಿಪ್ ಬುಕ್ಸ್ ಎನ್ನುತ್ತಿದ್ದಳು. ಸಂಜೆ ಸುಂದರಿ ಕೈಹೊಲಿಗೆ ಹಾಕುತ್ತ ಕೂತರೆ ಮಗಳು ಪಕ್ಕದಲ್ಲಿ ನೆಲದ ಮೇಲೆ ಬಿದ್ದುಕೊಂಡು ಆ ಕತೆಗಳನ್ನು ಹೇಳುತ್ತಿದ್ದಳು. ಬಸ್ಸಿನಲ್ಲಿ ಕೂತರೆ ಪನ್ವೇಲ್ ದಾಟುವ ಮೊದಲೇ ವಾಂತಿ ಮಾಡುವ ಸುಂದರಿ, ಕೂತಲ್ಲೇ ಅಮೆರಿಕದ ಮರುಭೂಮಿಯೆಲ್ಲ ಸುತ್ತಿ ಬಂದಿದ್ದಳು. “ಅಷ್ಟ್ ದೂರ ಹೋತ್ರಲೆ, ಗಂಜಿ ಊಟಕ್ಕೆ ಎಂತ ಮಾಡ್ತ್ರ್?” ಎಂಬುದು ಅವಳ ಖಾಯಂ ಪ್ರಶ್ನೆ. ಮಗಳು, “ಬರ್ಗರ್ ತಿಂತಾರೆ ಅಮ್ಮ, ತೂ ಸುನ್ ನಾ!” ಎಂದು ರೇಗುತ್ತಿದ್ದಳು. ಒಳಕೋಣೆಯಲ್ಲಿ ಫಾರಂ ತುಂಬುತ್ತ ಕೂತ ಲೋಕನಾಥನಿಗೆ ಇಬ್ಬರ ನಗು ಕೇಳುತ್ತಿತ್ತು. ಹೋಗಿ ಜೊತೆಗೆ ಕೂರಬೇಕು ಅನ್ನಿಸಿದ್ದೂ ಉಂಟು, ಕೂತಿರಲಿಲ್ಲ.

ಮಗಳು ಹನ್ನೆರಡನೆಯ ತರಗತಿಯಲ್ಲಿದ್ದ ವರ್ಷ, ಡಿಸೆಂಬರಿನಲ್ಲಿ, ಸುಂದರಿಯ ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡು ಊರಿನ ಹಸಿರು ಮದ್ದು ತರಿಸಿ ಕುಡಿಸಿದ್ದಾಯಿತು. ಠಾಣೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಲೋಕನಾಥನೊಬ್ಬನನ್ನೇ ಒಳಗೆ ಕರೆದು, ಮೇದೋಜೀರಕದಲ್ಲಿ ಗಡ್ಡೆ, ಹರಡಿದೆ, ಮೂರು ತಿಂಗಳು, ದೇವರು ದೊಡ್ಡವನಾದರೆ ನಾಲ್ಕು ಎಂದರು.

ಫೆಬ್ರವರಿ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಈ ಊರಿನಲ್ಲಿ ಹನ್ನೆರಡನೆಯ ಪರೀಕ್ಷೆಯಿರುವ ಮನೆ ಹೇಗಿರುತ್ತದೆಂದು ನಿಮಗೂ ಗೊತ್ತು. ಟಿವಿಯ ಸದ್ದು ನಿಲ್ಲುತ್ತದೆ, ನೆಂಟರು ಬರುವುದಿಲ್ಲ, ಸತ್ತವರ ಸುದ್ದಿಯನ್ನೂ ಪಿಸುಮಾತಿನಲ್ಲೇ ಹೇಳುತ್ತಾರೆ. ಗಂಡ ಹೆಂಡತಿ ಸೇರಿಯೇ ತೀರ್ಮಾನಿಸಿದರು: ಪರೀಕ್ಷೆ ಮುಗಿಯುವವರೆಗೆ ಮಗಳಿಗೆ ಹೇಳುವುದು ಬೇಡ, ಅವಳ ಪಾಲಿಗೆ ಅದು ಕಾಮಾಲೆಯೇ. ಸುಂದರಿ ಮೊದಲ ಎರಡು ತಿಂಗಳು ಅದನ್ನು ಚೆನ್ನಾಗಿ ನಿಭಾಯಿಸಿದಳು, ಕೆನ್ನೆ ಗುಳಿ ಬಿದ್ದದ್ದಕ್ಕೆ ಪಥ್ಯದ ನೆಪ ಹೇಳಿದಳು. ಪರೀಕ್ಷೆ ಶುರುವಾಗುವ ಹೊತ್ತಿಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಇನ್‌ಫೆಕ್ಷನ್ ಆಗುತ್ತದೆ, ನೀನು ಬರಬೇಡ ಎಂದು ಲೋಕನಾಥ ಮಗಳನ್ನು ಪಕ್ಕದ ಮನೆಯ ಮೈಸೂರಿನ ರುಕ್ಮಿಣಿಯವರಲ್ಲಿ ಬಿಟ್ಟ. ಮಗಳು ಫೋನ್ ಮಾಡಿದಾಗಲೆಲ್ಲ ಅಮ್ಮ ಮಲಗಿದ್ದಾಳೆ, ಈಗ ತಾನೇ ಗಂಜಿ ಕುಡಿದಳು, ನೀನು ಓದು ಎನ್ನುತ್ತಿದ್ದ. ಇವನು ಅಂಥ ಸುಳ್ಳುಗಾರನೇನಲ್ಲ. ಮಗಳಿಗೆ ಗೀರು ಬೀಳಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಮಾರ್ಚಿನ ಒಂದು ಬುಧವಾರ ಬೆಳಗ್ಗೆ ಆರು ಗಂಟೆಗೆ ಸುಂದರಿ ತೀರಿಕೊಂಡಳು. ಅವತ್ತು ಹನ್ನೊಂದರಿಂದ ಎರಡರವರೆಗೆ ಕೆಮಿಸ್ಟ್ರಿ ಪೇಪರು.

ಲೋಕನಾಥ ಹೆಂಡತಿಯ ಪಕ್ಕದಲ್ಲಿ ತನ್ನ ದಾಯಾದಿ ಪ್ರೇಮನಾಥನನ್ನು ಕೂರಿಸಿದ. ಪ್ರೇಮನಾಥ ಸೀವುಡ್ಸಿನಲ್ಲಿ ಕೇಟರಿಂಗ್ ಇಟ್ಟುಕೊಂಡವನು, ಸುದ್ದಿ ಕೇಳಿ ಓಡಿ ಬಂದಿದ್ದ. ಲೋಕನಾಥ ರುಕ್ಮಿಣಿಯವರಿಗೆ ಫೋನ್ ಮಾಡಿ, ಎರಡು ಗಂಟೆಯವರೆಗೆ ಬಾಯಿ ಬಿಡಬೇಡಿ ಎಂದು ಬೇಡಿಕೊಂಡ. “ಏನ್ರೀ ಹೀಗಂತೀರಾ? ಹೆತ್ತ ತಾಯಿ ಕಣ್ರೀ, ಹ್ಯಾಗ್ರೀ ಹೇಳ್ದೆ ಇರೋದು?” ಎಂದು ಅವರು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹುಡುಗಿಗೆ ಉಪ್ಪಿಟ್ಟು ಮಾಡಿ ಬಡಿಸಿ, ಅಂಗೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದರು. ಎರಡು ಗಂಟೆಗೆ ಪ್ರಣೀತಾ ಕಾಲೇಜಿನ ಗೇಟಿನಿಂದ ಹೊರಗೆ ಬಂದಾಗ ಎದುರಿಗೆ ಅಪ್ಪ ನಿಂತಿದ್ದ. ಅವಳು ಪೇಪರ್ ಸುಲಭವಿತ್ತು ಎಂದು ಹೇಳುತ್ತಲೇ ಹತ್ತಿರ ಬಂದಳು.

ಅವಳು ಅಳಲಿಲ್ಲ. ಮನೆ ಮುಂದೆ ಮಲಗಿಸಿದ್ದ ಅಮ್ಮನನ್ನು ನೋಡಿದಳು, ಆ ಹಳದಿ, ಎಲುಬಾದ ಮೈಯನ್ನು ನೋಡಿದ ಮೇಲೆ ಯಾರೂ ಏನೂ ಹೇಳುವುದೇ ಬೇಕಿರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: ಅಮ್ಮ ಕೊನೆಗೆ ನನ್ನನ್ನು ಕೇಳಿದಳಾ? ಲೋಕನಾಥ ಇಲ್ಲವೆಂದು ತಲೆಯಾಡಿಸಿದ. ಎರಡು ದಿನದಿಂದ ಪ್ರಜ್ಞೆಯೇ ಇರಲಿಲ್ಲ ಎಂದ. ಉಳಿದ ಎರಡು ಪೇಪರುಗಳನ್ನೂ ಬರೆದು ಬಂದಳು. ಮೇ ತಿಂಗಳಲ್ಲಿ ರಿಸಲ್ಟು ಬಂತು, ತೊಂಬತ್ತೊಂದು ಪರ್ಸೆಂಟು. ಅಪ್ಪ ಪೇಡಾ ತಂದಿಟ್ಟ, ಡಬ್ಬಿ ನಾಲ್ಕು ದಿನ ಮೇಜಿನ ಮೇಲೆ ಹಾಗೇ ಇದ್ದು ಇರುವೆ ಮುತ್ತಿತು.

ಮನೆಯಲ್ಲಿ ಇಬ್ಬರೇ. ಅನ್ನ ಹಾಕು, ಗ್ಯಾಸ್ ಬಂತು, ಬಾಗಿಲು ಹಾಕಿಕೊ, ಇಷ್ಟೇ ಮಾತು. ಜುಲೈಯಲ್ಲಿ ಅವಳು ಪುಣೆಗೆ ಡಿಸೈನ್ ಓದಲು ಹೋಗುವವಳು, ಹಾಸ್ಟೆಲು ಗೊತ್ತಾಗಿತ್ತು. ಹೀಗೇ ಮುಚ್ಚಿದ ಮುಖದಲ್ಲಿ ಹೋದರೆ ಮತ್ತೆ ತನ್ನ ಮನೆಗೆ ಮಗಳಾಗಿ ಬರುವುದಿಲ್ಲ ಎಂದು ಲೋಕನಾಥನಿಗೆ ಗೊತ್ತಿತ್ತು. ಅವಳು ಹೋಗುವುದರೊಳಗೆ ಏನಾದರೂ ಮಾಡಬೇಕು. ಏನು ಮಾಡಬೇಕೆಂಬುದೇ ತಿಳಿಯದೆ ಅವನು ಒಂದು ದಿನ ಅವಳ ಕಪಾಟಿನಿಂದ ಆ ಪುಸ್ತಕಗಳಲ್ಲೊಂದನ್ನು ತೆಗೆದುಕೊಂಡು ಹೋಗಿ, ಎರಡು ಕ್ಲಾಸುಗಳ ನಡುವೆ ಕಾರಿನಲ್ಲಿ ಕೂತು ಓದಲು ಶುರುಮಾಡಿದ. ಅವನ ಇಂಗ್ಲಿಷು ಆರ್‌ಟಿಓ ಫಾರಮ್ಮಿನಷ್ಟು ಉದ್ದದ್ದು. ಮೊಬೈಲಿನಲ್ಲಿ ಅರ್ಥ ನೋಡಿಕೊಂಡು ದಿನಕ್ಕೆ ನಾಲ್ಕು ಪುಟ.

ಓದುತ್ತ ಓದುತ್ತ ಅವನಿಗೆ ಸಿಟ್ಟೇ ಬಂತು. ಎರಡು ಸಾವಿರ ಕಿಲೋಮೀಟರು ಹೊರಟವರು ಒಮ್ಮೆಯೂ ಟೈರಿನ ಗಾಳಿ ನೋಡಲಿಲ್ಲ, ಆಯಿಲ್ ನೋಡಲಿಲ್ಲ. ಓಡಿಸುವ ಹುಡುಗಿ ಒಂದು ಇಡೀ ಪುಟ ಪಕ್ಕದವನ ಕಣ್ಣನ್ನೇ ನೋಡುತ್ತಾಳೆ, ರಸ್ತೆ ನೋಡುವವರು ಯಾರು? ಅವರಿಗೆ ಲೈಸೆನ್ಸ್ ಕೊಟ್ಟವರನ್ನು ಮೊದಲು ಹಿಡಿಯಬೇಕು! ಆದರೂ ಬಿಡದೆ ಓದಿದ. ಹಿಂದಿನ ಸೀಟಿನಲ್ಲಿ ಸತ್ತ ಅಣ್ಣನ ಬೂದಿಯಿಟ್ಟುಕೊಂಡು ಹೋಗುತ್ತಿದ್ದ ಆ ಮಕ್ಕಳು ಮನೆಯಲ್ಲಿ ಒಂದು ದಿನವೂ ಬಾಯಿ ಬಿಡದಿದ್ದವರು, ಕಾರಿನೊಳಗೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಅದು ಅವನಿಗೆ ಹಿಡಿಸಿತು. ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲವಲ್ಲ, ಇಬ್ಬರೂ ರಸ್ತೆ ನೋಡುತ್ತಿರಬಹುದು.

ಜೂನಿನ ಮೊದಲ ವಾರ ಪ್ರಣೀತಾಗೆ ಲೈಸೆನ್ಸ್ ಬಂತು. ಹದಿನೆಂಟು ತುಂಬಿದ ಕೂಡಲೇ ಅಪ್ಪನೇ ಕಲಿಸಿದ್ದ, ಕಲಿಸುವಾಗಲೂ ಗೇರು ಕ್ಲಚ್ಚು ಬಿಟ್ಟು ಬೇರೆ ಮಾತಿರಲಿಲ್ಲ. ಅವತ್ತು ಊಟದ ಹೊತ್ತಿನಲ್ಲಿ ಲೋಕನಾಥ ತಲೆ ತಗ್ಗಿಸಿಕೊಂಡೇ ಹೇಳಿದ: “ಅಮ್ಮನ ಹೊಲಿಗೆ ಮಿಶಿನ್ ಚಿಕ್ಕಮ್ಮನಿಗೆ ಕೊಡ್ಲಿಕ್ಕೆ ಉಂಟಲ್ಲ. ಪಾರ್ಸೆಲ್ ಹಾಕುದು ಬೇಡ. ನಾವೇ ಕಾರಲ್ಲಿ ತಗೊಂಡು ಹೋಗುವನಾ, ಕುಂದಾಪುರಕ್ಕೆ? ನೀನೇ ಓಡ್ಸು.”

ಅವಳು ತುತ್ತು ನಿಲ್ಲಿಸಿ ನೋಡಿದಳು. “ರೋಡ್ ಟ್ರಿಪ್?”

“ಹೌದು ಮಾರಾಯ್ತಿ. ನಿನ್ನ ಪುಸ್ತಕದವ್ರ ಹಾಗೆ. ಗಾಳಿ ಮಾತ್ರ ನೋಡಿಕೊಂಡು ಹೋಗುವ.”

ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಎರಡು ದಿನ ಬಿಟ್ಟು ಅವಳಾಗಿಯೇ ಬಂದು ಬಾಗಿಲಿಗೆ ಒರಗಿ ನಿಂತಳು. ಎರಡು ಷರತ್ತು ಎಂದಳು. ಒಂದು, ಕಾರಿನಲ್ಲಿ ಯಾರು ಏನು ಕೇಳಿದರೂ ನಿಜ ಹೇಳಬೇಕು. “ಔರ್ ದೂಸ್ರಾ, ಎಡಗಡೆ ಪೆಡಲ್ ನಿಕಾಲೋ ಪಪ್ಪಾ. ಎರಡೂ. ನಾನು ಓಡ್ಸೋದಾದ್ರೆ ನಾನೇ ಓಡಿಸ್ತೀನಿ.” ಮತ್ತೆ ಹೇಳಿದಳು: “ಒಂದು ಸಲ ಭರೋಸಾ ಕರೋ ಮುಝ್‌ಪೇ, ನನ್ನನ್ನ ನಂಬಿ. ಆಮೇಲೆ ನಾನೂ ಟ್ರೈ ಮಾಡ್ತೀನಿ.”

ಮಾರ್ಚಿನಿಂದ ಮಗಳು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು. ಲೋಕನಾಥ ತಲೆಯಾಡಿಸಿದ. ಆಯ್ತು ಮಗಾ ಎಂದ.

ಮಾರನೆಯ ದಿನವೇ ಮಾನ್ಪಾಡಾ ರಸ್ತೆಯ ಮೆಕ್ಯಾನಿಕ್ ಅನಿಲಕುಮಾರನಲ್ಲಿಗೆ ಹೋದ. ಅರ್ಧ ಗಂಟೆಯ ಕೆಲಸ. ಅನಿಲಕುಮಾರ ಎಡಗಡೆಯ ಸೀಟಿನ ಮುಂದೆ ಬಗ್ಗಿ ಕ್ಲಚ್ಚಿನ ಪೆಡಲು ಬಿಚ್ಚಿ ಪಕ್ಕಕ್ಕಿಟ್ಟ. ಬ್ರೇಕಿನ ಬೋಲ್ಟಿಗೆ ಪಾನಾ ಹಾಕುವಾಗ ಲೋಕನಾಥನ ಕಣ್ಣ ಮುಂದೆ ರಸ್ತೆ ಬಂತು. ಗೋವಾ ಹೈವೇ. ಟ್ರೇಲರುಗಳು. ಹದಿನೆಂಟು ವರ್ಷದ ಹುಡುಗಿ, ವಾರವೂ ತುಂಬದ ಲೈಸೆನ್ಸು. ಮನೆಯಲ್ಲಿ ಉಳಿದಿರುವುದೇ ಅವಳೊಬ್ಬಳು.

“ಅದು ಇರ್ಲಿ, ಬಿಡು,” ಎಂದ. “ಬಂದ ಮರುದಿನ ಕ್ಲಾಸ್ ಉಂಟು.”

“ಅರೇ, ಬೇಟಿಗೆ ಪ್ರಾಮಿಸ್ ಮಾಡೀನಿ ಅಂದ್ರಲ್ಲ ಶೆಟ್ಟಿ ಸರ್?” ಅನಿಲಕುಮಾರ ವಿಜಯಪುರ ಕಡೆಯವನು. “ಖರೇ ಹೇಳ್ರಿ, ತೆಗೀಲೋ ಬ್ಯಾಡೋ?”

“ಬೇಡ. ಒತ್ತುದಿಲ್ಲ ನಾನು. ಸುಮ್ನೆ ಇರ್ತದೆ, ಅಷ್ಟೇ.”

ಅವನು ಅದನ್ನು ನಂಬಿಯೇ ಹೇಳಿದ್ದ. ಮನೆಗೆ ಬಂದಾಗ ಪ್ರಣೀತಾ ಬಾಲ್ಕನಿಯಿಂದ ಕೂಗಿ ಕೇಳಿದಳು, ದೋನೋ ನಿಕಾಲಾ? ಎರಡೂ ತೆಗೆಸಿದೆ ಎಂದ. ಬಿಚ್ಚಿದ ಕ್ಲಚ್ಚಿನ ಪೆಡಲನ್ನು ಸಾಕ್ಷಿಗೆಂಬಂತೆ ಎತ್ತಿ ತೋರಿಸಿದ. ಹೊರಡುವ ದಿನ ಎಡಗಡೆಯ ಸೀಟಿನ ಮುಂದೆ ಕಾಲಿಡುವಲ್ಲಿ, ಬ್ರೇಕು ಕಾಣದ ಹಾಗೆ, ನೀರಿನ ಬಾಟಲಿಯೂ ಬುತ್ತಿಯೂ ಇದ್ದ ಬಟ್ಟೆಯ ಚೀಲವನ್ನು ನಿಲ್ಲಿಸಿಕೊಂಡ.

ಭಾನುವಾರ ಬೆಳಗ್ಗೆ ಆರಕ್ಕೆ ಹೊರಟರು. ಹಿಂದಿನ ಸೀಟಿನಲ್ಲಿ ಸುಂದರಿಯ ಮಿಶಿನ್ನು, ಹಳೇ ಸೀರೆ ಸುತ್ತಿ, ಬೆಲ್ಟು ಬಿಗಿದು. ರುಕ್ಮಿಣಿಯವರು ಗೇಟಿನವರೆಗೆ ಬಂದು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅದನ್ನು ನಾಜೂಕಾಗಿ ಮೆಟ್ಟಿ ಪ್ರಣೀತಾ ಕಾರನ್ನು ರಸ್ತೆಗೆ ತಂದಳು. ಚೆನ್ನಾಗಿ ಓಡಿಸಿದಳು, ಅದನ್ನು ಹೇಳಲೇಬೇಕು. ಕಟಾಯಿ ನಾಕಾದಲ್ಲಿ ಬಸ್ಸೊಂದು ಅಡ್ಡ ಬಂದಾಗ ಹೆದರಲಿಲ್ಲ. ಶಿಳ್‌ಫಾಟಾದಲ್ಲಿ ಮುಂಬ್ರಾ ಕಡೆಯಿಂದ ಬರುವ ಟ್ರಕ್ಕುಗಳ ಸಾಲು ನೋಡಿ ಲೋಕನಾಥನ ಬೆನ್ನು ಬೆವೆತಿತು, ಅವಳು ಮಾತ್ರ ಸಂದು ಸಿಕ್ಕಲ್ಲಿ ಸೇರಿಕೊಂಡು ದಾಟಿದಳು. ಲೋಕನಾಥ ಬಲಗಾಲನ್ನು ಚೀಲದ ಪಕ್ಕ ಬಿಗಿಯಾಗಿ ಊರಿದ್ದ. ಕಾಲು ಎತ್ತಿ ಎತ್ತಿ ಬರುತ್ತಿತ್ತು, ಅವನು ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ತಳೋಜಾ ದಾಟಿತು, ಕಳಂಬೋಲಿ ದಾಟಿತು. ಮೂವತ್ತು ಕಿಲೋಮೀಟರು ಅವನು ಒಮ್ಮೆಯೂ ಒತ್ತಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಹಾಗಾಗಿರಲಿಲ್ಲ. ಕಾಲಿನ ಮೀನಖಂಡ ನೋಯುತ್ತಿತ್ತು, ಆದರೂ ಆಗುತ್ತದೆ, ಹೀಗೇ ಕುಂದಾಪುರದವರೆಗೂ ಆಗುತ್ತದೆ ಎಂದು ಅವನಿಗೆ ಧೈರ್ಯ ಬಂದಿತ್ತು.

ಪನ್ವೇಲ್ ಹಿಂದೆ ಸರಿದ ಮೇಲೆ ಪ್ರಣೀತಾ ಕಿಟಕಿ ಇಳಿಸಿದಳು. ಮೋಡ ಕವಿದು ತಂಪು ಗಾಳಿ ಬರುತ್ತಿತ್ತು, ಮಳೆಯಿರಲಿಲ್ಲ.

“ಪಪ್ಪಾ, ಫಸ್ಟ್ ಕ್ವೆಶ್ಚನ್. ಅಮ್ಮ ನಿಮಗೆ ಹಾಂ ಅಂದಿದ್ದು ಕ್ಯೂಂ?”

“ಅದಾ?” ಲೋಕನಾಥ ನಾಚಿದ. “ಹೆಣ್ಣು ನೋಡ್ಲಿಕ್ಕೆ ಹೋದವ ನಾನು, ಹೋಟೆಲಿನ ಧಣಿಯ ಕಾರು ಕೇಳಿ ತಗೊಂಡು ಹೋಗಿದ್ದೆ, ಸ್ಟೈಲಿಗೆ. ಅವರ ಅಂಗಳದಲ್ಲಿ ರಿವರ್ಸ್ ತೆಗಿಲಿಕ್ಕೆ ಹೋಗಿ ಸೀದಾ ತುಳಸಿಕಟ್ಟೆಗೆ ಗುದ್ದಿದೆ. ನಿನ್ನಜ್ಜ ಬೈದದ್ದು ನೋಡ್ಬೇಕಿತ್ತು! ಅಷ್ಟು ಜನರಲ್ಲಿ ನಿನ್ನಮ್ಮ ಒಬ್ಬಳು ಕಂಬದ ಹಿಂದೆ ನಿಂತು ನಗಾಡಿದಳು. ಆಮೇಲೆ ಹೇಳಿದಳಂತೆ, ಮದುವೆ ಆದ್ರೆ ಈ ಗುದ್ದಿದವನೇ ಆಗ್ಲಿ ಅಂತ.”

ಪ್ರಣೀತಾ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ ನಕ್ಕಳು. ನಗುವಾಗ ಥೇಟು ಸುಂದರಿಯೇ. ಲೋಕನಾಥ ರಸ್ತೆ ಬಿಟ್ಟು ಅವಳ ಮುಖ ನೋಡಿದ, ನೋಡುತ್ತಲೇ ಇದ್ದ. ಇಷ್ಟು ಸಾಕಿತ್ತು ಅವನಿಗೆ, ಇನ್ನೂ ಎಂಟುನೂರು ಕಿಲೋಮೀಟರು ಬಾಕಿಯಿತ್ತು.

ಪಳಸ್ಪೆ ಫಾಟಾದಿಂದ ಸ್ವಲ್ಪ ಮುಂದೆ ಡಿವೈಡರಿನ ಸಂದಿನಿಂದ ಒಂದು ಸ್ಕೂಟರು ತಲೆ ಹೊರಹಾಕಿತು. ಪ್ರಣೀತಾ ಅದನ್ನು ಮೊದಲೇ ನೋಡಿದ್ದಳು, ಕನ್ನಡಿ ನೋಡಿ ಹದವಾಗಿ ಎಡಕ್ಕೆ ಎಳೆಯುತ್ತಲೂ ಇದ್ದಳು. ಅಷ್ಟರಲ್ಲಿ ತಿರುಗಿದ ಲೋಕನಾಥನಿಗೆ ಕಂಡದ್ದು ಸ್ಕೂಟರೊಂದೇ. ಕಾಲು ಅವನನ್ನು ಕೇಳಲಿಲ್ಲ. ಚೀಲವನ್ನು ಒದ್ದುಕೊಂಡು ಹೋಗಿ ಪೂರ್ತಿ ಬಲದಿಂದ ಒತ್ತಿತು.

ಕಾರು ಚೀರಿ ನಡುರಸ್ತೆಯಲ್ಲಿ ನಿಂತಿತು. ಹಿಂದಿದ್ದ ಹಾಲಿನ ಟೆಂಪೊ ನಿಲ್ಲಲಾಗದೆ ಬಂದು ಗುದ್ದಿತು. ಹಿಂದಿನ ಗಾಜು ಪುಡಿಪುಡಿಯಾಗಿ ಮಿಶಿನ್ನಿನ ಮೇಲೆ ಸುರಿಯಿತು, ಡಿಕ್ಕಿಯ ಮುಚ್ಚಳ ಒಳಕ್ಕೆ ಮಡಚಿಕೊಂಡಿತು. ಸ್ಕೂಟರಿನವನು ಹಿಂತಿರುಗಿ ನೋಡದೆ ಹೋಗಿಯಾಗಿತ್ತು. ಪ್ರಣೀತಾಳ ತುಟಿ ಹಲ್ಲಿಗೆ ತಾಗಿ ಸೀಳಿತ್ತು. ಅಷ್ಟು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಟೆಂಪೊದವನು ಇಳಿದು ಬಂದು ಅವಳ ಕಿಟಕಿಯ ಮೇಲೆ ಗುದ್ದಿದ. ಕಾರಿನ ಮೈಮೇಲಿದ್ದ ಡ್ರೈವಿಂಗ್ ಸ್ಕೂಲಿನ ಹೆಸರು ನೋಡಿ ಅವನ ಸಿಟ್ಟು ಇನ್ನೂ ಏರಿತು, ಹೈವೇಗೆ ಬಂದು ಕಲಿಯುವುದಾ ಎಂದು ಬೈದ. “ಬೀಚ್ ರಸ್ತೇ ಮೇ ಬ್ರೇಕ್ ಮಾರ್ತೇ ಹೈ ಕ್ಯಾ? ಹೈವೇ ಪೇ ಸೀಖ್‌ನೇ ಆಯೀ ಹೈ? ಕಿಸ್‌ನೇ ಲೈಸೆನ್ಸ್ ದಿಯಾ ತುಝೇ?”

ಪ್ರಣೀತಾ ಇಳಿದಳು. ಏನಾಯಿತೆಂದು ಅವಳಿಗೇ ತಿಳಿದಿರಲಿಲ್ಲ. ತಾನು ಒತ್ತಲಿಲ್ಲ ಎಂದು ಅವಳ ಕಾಲಿಗೆ ಗೊತ್ತಿತ್ತು, ಆದರೆ ಕಾರು ನಿಂತದ್ದು ನಿಜ. “ಸಾರಿ ಭಯ್ಯಾ,” ಎಂದಳು. “ಮೈ ಡರ್ ಗಯೀ ಹೂಂಗೀ. ಮೇರೀ ಗಲ್ತಿ ಹೈ.” ತಪ್ಪು ತನ್ನದೇ ಎಂದು ಕೈ ಮುಗಿದಳು. ಅವನು ಇನ್ನಷ್ಟು ಬೈದ, ಅವಳು ಇನ್ನೊಮ್ಮೆ ಕೈ ಮುಗಿದಳು. ಲೋಕನಾಥ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಹೇಳಬೇಕೆಂದು ಬಾಯಿ ತೆರೆದ. ಈಗ ಬೇಡ, ಇವನು ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಟೆಂಪೊದವನು ಬಯ್ದು ದಣಿದು, ತನ್ನ ಬಂಪರಿಗೆ ಹೆಚ್ಚೇನೂ ಆಗಿಲ್ಲವೆಂದು ನೋಡಿಕೊಂಡು ಹೊರಟುಹೋದ. ಲೋಕನಾಥ ಆಗಲೂ ಹೇಳಲಿಲ್ಲ. ಪ್ರೇಮನಾಥನಿಗೆ ಫೋನ್ ಮಾಡಿ ಟೋಯಿಂಗ್ ಗಾಡಿ ಕಳಿಸಲು ಹೇಳಿದ.

ಬಾಯಿಯ ರಕ್ತ ತೊಳೆಯಲು ನೀರು ಬೇಕೆಂದು ಪ್ರಣೀತಾ ಎಡಗಡೆಯ ಬಾಗಿಲು ತೆರೆದಳು. ಚೀಲ ಮಗುಚಿ ಬಿದ್ದಿತ್ತು. ಬಾಟಲಿಗೆಂದು ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಕೈ ಚಾಚಿ, ಅಲ್ಲಿದ್ದ ಬ್ರೇಕನ್ನು ಕೈಯಿಂದಲೇ ಒಮ್ಮೆ ಒತ್ತಿ ನೋಡಿದಳು.

ಕೂಗಾಡಿದ್ದರೆ ಲೋಕನಾಥ ತಡೆದುಕೊಳ್ಳುತ್ತಿದ್ದ. ಅವಳು ಬಾಟಲಿ ತೆಗೆದು ಬಾಯಿ ಮುಕ್ಕಳಿಸಿ, ರಸ್ತೆಯಂಚಿನ ಸಿಮೆಂಟು ಕಲ್ಲಿನ ಮೇಲೆ ಕೂತಳು. ಅವನು ಬಂದು ಎದುರಿಗೆ ನಿಂತ.

“ನಿಂಗೆ ಏನಾದ್ರೂ ಆದ್ರೆ ನಾನೆಂತ ಮಾಡುದು ಮಗಾ? ಅದಕ್ಕೆ. ಅಷ್ಟೇ ಮತ್ತೆ.”

“ಆ ಆದ್ಮಿಗೆ ನಾನು ಸಾರಿ ಹೇಳ್ತಿದ್ದೆ,” ಎಂದಳು. “ಆಪ್ ಖಡೇ ಥೇ. ನಿಂತು ನೋಡ್ತಾ ಇದ್ರಿ.”

ಅವನು ರಸ್ತೆಗೆ ಬಿದ್ದಿದ್ದ ಗಾಜಿನ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿದ.

ಲಾರಿಗಳು ಹಾದು ಹೋಗುತ್ತಿದ್ದವು. ಅವಳು ತಲೆಯೆತ್ತಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಔರ್ ಕುಛ್ ಹೈ? ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ? ಈಗ್ಲೇ ಹೇಳಿ. ಇದಾದ ಮೇಲೆ ನಾನು ಕೇಳಲ್ಲ.”

ಇಲ್ಲ ಎಂದುಬಿಡಬಹುದಿತ್ತು. ಆ ವಿಷಯ ಅವನಿಗೊಬ್ಬನಿಗೇ ಗೊತ್ತಿದ್ದದ್ದು, ಪ್ರೇಮನಾಥನಿಗೂ ಹೇಳಿರಲಿಲ್ಲ. ತನ್ನೊಂದಿಗೇ ಸುಟ್ಟುಹೋಗಲಿ ಎಂದುಕೊಂಡದ್ದು. ಇಲ್ಲವೆಂದರೆ ಬಹುಶಃ ಅವಳು ಇವತ್ತಲ್ಲ ನಾಳೆ ಬ್ರೇಕಿನ ಸುಳ್ಳನ್ನು ಮರೆಯುತ್ತಿದ್ದಳು, ಅಪ್ಪನ ಹೆದರಿಕೆ ಎಂದು ನಗುತ್ತಲೂ ಇದ್ದಳೇನೋ. ಲೋಕನಾಥ ಅವಳ ಪಕ್ಕದ ಕಲ್ಲಿನ ಮೇಲೆ ಕೂತ. ರಸ್ತೆಯನ್ನೇ ನೋಡುತ್ತ ಹೇಳಿದ.

“ಅಮ್ಮನಿಗೆ ಪ್ರಜ್ಞೆ ಇತ್ತು. ಮಂಗಳವಾರ ಸಂಜೆ ಏಳು ಗಂಟೆಗೆ. ಚೆನ್ನಾಗಿಯೇ ಇತ್ತು. ನಿನ್ನನ್ನು ಕೇಳಿದಳು.”

ಪ್ರಣೀತಾ ಅವನ ಕಡೆ ತಿರುಗಿದಳು.

“ನೀನೇನೋ ಕತೆ ಹೇಳ್ತಿದ್ದೆಯಂತೆ. ಇಬ್ಬರು ಹುಡುಗಿಯರು ಕಾರು ತಗೊಂಡು ಒಬ್ಬಳ ತಾಯಿಯನ್ನು ಹುಡುಕಿಕೊಂಡು ಹೋದದ್ದು. ಪರೀಕ್ಷೆ ಅಂತ ಅರ್ಧಕ್ಕೆ ನಿಲ್ಸಿದ್ದೆಯಂತೆ. ಫೋನ್ ಮಾಡಿ, ಆ ಮಕ್ಕಳು ಮುಟ್ಟಿದ್ರಾ ಇಲ್ವಾ ಅವಳೇ ಹೇಳ್ಲಿ, ಅವಳ ಸ್ವರ ಕೇಳಿದ ಹಾಗಾಯ್ತು ಅಂದಳು.”

“ಆಪ್ ಕ್ಯಾ ಬೋಲೇ?”

“ನೀನು ಮಲಗಿದ್ದಿ ಅಂದೆ.”

“ಏಳು ಗಂಟೆಗೆ?”

“ಹೌದು. ಅವಳಿಗೂ ಗೊತ್ತಾಯ್ತು ಸುಳ್ಳು ಅಂತ. ನನ್ನ ಮುಖ ನೋಡಿ, ಹೋಯ್ಲಿ ಬಿಡಿ, ಓದ್ಕಣ್ಲಿ ಅಂದಳು. ಆಮೇಲೆ ಮಾತಾಡ್ಲಿಲ್ಲ.”

ಆಗ ಅವಳು ಅತ್ತಳು. ಮಾರ್ಚಿನಿಂದ ಒಳಗೇ ಹಿಡಿದಿಟ್ಟದ್ದೆಲ್ಲ, ಸೀಳಿದ ತುಟಿ ಮತ್ತೆ ರಕ್ತ ಬಿಡುವ ಹಾಗೆ, ಮೊಣಕಾಲಿಗೆ ಹಣೆಯೊತ್ತಿ ಅತ್ತಳು. ಲೋಕನಾಥನೂ ಅತ್ತ. ಅವಳ ಬೆನ್ನ ಮೇಲೆ ಕೈಯಿಡಲು ಹೋದ. ಅವಳು ಭುಜ ಸರಿಸಿದಳು, ಅವನು ಕೈ ಹಿಂದಕ್ಕೆಳೆದುಕೊಂಡ.

ಟೋಯಿಂಗ್ ಗಾಡಿ ಬರುವ ಮೊದಲೇ ಅವಳು ಎದ್ದು ಹೆಗಲ ಚೀಲ ಹಾಕಿಕೊಂಡಳು. ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಪನ್ವೇಲಿನಿಂದ ಸಂಜೆಗೆ ರೈಲಿದೆ, ಅಲ್ಲಿಂದ ನೇರ ಪುಣೆಗೆ ಹೋಗುತ್ತೇನೆ ಎಂದಳು. ಬಿಡಲಿಕ್ಕೆ ಬರುತ್ತೇನೆ ಎಂದದ್ದಕ್ಕೆ ಬೇಡವೆಂದಳು. ಖಾಲಿ ಆಟೋವೊಂದನ್ನು ಅವಳೇ ಕೈ ಮಾಡಿ ನಿಲ್ಲಿಸಿದಳು.

ಲೋಕನಾಥ ಆಟೋದ ಕಂಬಿ ಹಿಡಿದು ನಿಂತ. “ಅವತ್ತು ಹೇಳಿದ್ರೆ ನೀನು ಪೇಪರ್ ಬಿಟ್ಟು ಓಡಿ ಬರ್ತಿದ್ದೆ ಮಗಾ. ವರ್ಷವಿಡೀ ಓದಿದ್ದು ನೀರಲ್ಲಿ ಹೋಮ ಆಗ್ತಿತ್ತು. ಅದಕ್ಕೇ ನಾನು…”

“ಬರ್ತಿದ್ದೆ,” ಎಂದಳು ಅವಳು. ಅವಳ ಸ್ವರ ಮೆತ್ತಗಿತ್ತು, ಅಪ್ಪನಿಗೆ ತಿಳಿಯದ ಸಣ್ಣ ವಿಷಯವೊಂದನ್ನು ಹೇಳಿಕೊಡುವ ಹಾಗೆ. “ಕೆಮಿಸ್ಟ್ರಿ ಪೇಪರ್ ತೋ ಮುಂದಿನ ವರ್ಷ ಭೀ ಬರ್ತದೆ, ಪಪ್ಪಾ.”

ಆಟೋ ಪನ್ವೇಲಿನ ಕಡೆ ತಿರುಗಿ ಹೋಯಿತು. ಲೋಕನಾಥ ಟೋಯಿಂಗ್ ಗಾಡಿಯವನು ಬಂದು ಹಾರ್ನ್ ಮಾಡುವವರೆಗೂ ಅಲ್ಲೇ ನಿಂತಿದ್ದ.